ಬೆಂಗಳೂರಿನಿಂದ ಒಂದು ದಿನದ ಪ್ರವಾಸ: ನಂದಿಬೆಟ್ಟ, ಶಿವಗಂಗೆ, ಲೇಪಾಕ್ಷಿ ಬಿಟ್ಟು ಬೇರೆ ಎಲ್ಲಿ?

ಪ್ರಶ್ನೆ: ಬುತ್ತಿಗಂಟು

ಎಲ್ಲರಿಗೂ ನಮಸ್ಕಾರ. ನಾವಿರುವುದು ಬನಶಂಕರಿ ಕಡೆ. ಬೆಳಗ್ಗೆ 6ಕ್ಕೆ ಹೊರಟು ರಾತ್ರಿ 8ರೊಳಗೆ ಮನೆ ಸೇರುವಂಥ ಜಾಗಗಳು ಬೇಕು. ಎಲ್ಲಿ ಹುಡುಕಿದರೂ ನಂದಿಬೆಟ್ಟ, ಶಿವಗಂಗೆ, ಸಾವನದುರ್ಗ, ಲೇಪಾಕ್ಷಿ, ಕೋಟಿಲಿಂಗ ಇಷ್ಟೇ ಸುತ್ತಿ ಸುತ್ತಿ ಬರುತ್ತವೆ. ಭಾನುವಾರ ಅಲ್ಲೆಲ್ಲ ಗಾಡಿ ನಿಲ್ಲಿಸೋಕೂ ಜಾಗ ಸಿಗಲ್ಲ.

ನಮಗೆ ಬೇಕಾಗಿರೋದು ಮೂರು ಥರದ್ದು. ಮೊದಲನೆಯದು ಅಪ್ಪ ಅಮ್ಮನ ಜೊತೆ ಹೋಗೋಕೆ. ಇಬ್ಬರಿಗೂ 70ರ ಹತ್ತಿರ, ಅಪ್ಪನಿಗೆ ಮಂಡಿನೋವು, ಬೆಟ್ಟ ಹತ್ತೋ ಹಾಗಿಲ್ಲ. ಆದರೆ ಹಳೇ ದೇವಸ್ಥಾನ, ಶಾಸನ, ಶಿಲ್ಪ ಅಂದ್ರೆ ಇಬ್ಬರಿಗೂ ಪ್ರಾಣ. ಎರಡನೆಯದು ಗೆಳೆಯರ ಜೊತೆ ಹತ್ತೋಕೆ ಬೆಟ್ಟ. ಸಲೀಸಾದದ್ದು ಒಂದು, ಕಷ್ಟದ್ದು ಒಂದು ಹೇಳಿದರೆ ಒಳ್ಳೇದು. ಮೂರನೆಯದು ಕಾರಿಲ್ಲದೆ, ರೈಲಲ್ಲೋ ಬಸ್ಸಲ್ಲೋ ಇಬ್ಬರು ಮಕ್ಕಳನ್ನ (9 ಮತ್ತು 12 ವರ್ಷ) ಕರ್ಕೊಂಡು ಹೋಗುವಂಥದ್ದು.

ದಯವಿಟ್ಟು ಬರೀ ಊರಿನ ಹೆಸರು ಹೇಳಿ ಬಿಡಬೇಡಿ. ಬಾಗಿಲು ಎಷ್ಟು ಹೊತ್ತಿಗೆ ಹಾಕ್ತಾರೆ, ಊಟಕ್ಕೆ ಏನು ದಾರಿ, ಶೌಚಾಲಯ ಎಲ್ಲಿ, ಯಾವ ಕಡೆಯಿಂದ ಸುತ್ತಿದರೆ ಅನುಕೂಲ, ಇದೆಲ್ಲ ತಿಳಿದವರು ಬರೆದರೆ ತುಂಬಾ ಉಪಕಾರ.

ಉತ್ತರ: ಕಲ್ಲುಕಂಬ

ಅಪ್ಪ ಅಮ್ಮನ ಜೊತೆ ಅಂದರೆ ಕಣ್ಣು ಮುಚ್ಚಿಕೊಂಡು ನಾಗಮಂಗಲ ತಾಲ್ಲೂಕಿನ ಕಡೆ ಹೊರಡಿ. ಕಂಬದಹಳ್ಳಿ, ನಾಗಮಂಗಲ, ಅಲ್ಲಿಂದ ಮಂಡ್ಯ ರಸ್ತೆಯಲ್ಲಿ ಬಸರಾಳು. ಮೂರೂ ಕಡೆ ಹಳೇ ಗುಡಿಗಳು ಊರೊಳಗೆ, ಸಮತಟ್ಟು ನೆಲದಲ್ಲಿವೆ. ಬಾಗಿಲ ಬಳಿಯ ಮೆಟ್ಟಿಲು, ಎತ್ತರದ ಹೊಸ್ತಿಲು ಇವಿಷ್ಟು ಬಿಟ್ಟರೆ ಮಂಡಿಗೆ ತ್ರಾಸವಿಲ್ಲ. ಹಾಸನ ರಸ್ತೆಯಲ್ಲಿ ಹೋಗಿ ಮೈಸೂರು ರಸ್ತೆಯಲ್ಲಿ ವಾಪಸ್ ಬರುವ ಸುತ್ತು ಇದು, ಒಟ್ಟು 280ರಿಂದ 300 ಕಿ.ಮೀ. ಬನಶಂಕರಿಯವರಿಗೆ ಎರಡೂ ತುದಿ ಅನುಕೂಲ. ಹೋಗುವಾಗ ನೈಸ್ ರಸ್ತೆ ಹಿಡಿದು ಮಾದಾವರದಲ್ಲಿ ತುಮಕೂರು ರಸ್ತೆಗೆ ಬಿದ್ದರೆ ಯಶವಂತಪುರ, ದಾಸರಹಳ್ಳಿಯ ಸಹವಾಸವೇ ಬೇಡ.

ಈ ಸುತ್ತಿಗೆ ದಿಕ್ಕು ಬಹಳ ಮುಖ್ಯ. ಯಾಕೆ ಅಂದರೆ ಹಳೇ ದೇವಸ್ಥಾನಗಳಲ್ಲಿ ಎರಡು ಬಗೆ. ನಿತ್ಯಪೂಜೆ ಜೋರಾಗಿ ನಡೆಯುವ ಗುಡಿಗಳು ಸಾಮಾನ್ಯವಾಗಿ ಮಧ್ಯಾಹ್ನ 12, ಹೆಚ್ಚೆಂದರೆ 12:30ಕ್ಕೆ ಬಾಗಿಲು ಹಾಕಿ ಸಂಜೆ 4:30–5ರ ಮೇಲೆ ತೆಗೆಯುತ್ತವೆ. ಸ್ಮಾರಕ ಅಂತ ಕಾಪಾಡುತ್ತಿರುವ, ಪೂಜೆ ಕಡಿಮೆ ಇರುವ ಜಾಗಗಳಲ್ಲಿ ಕಾವಲುಗಾರರು ಬೆಳಗಿನಿಂದ ಸಂಜೆವರೆಗೆ ಇರುತ್ತಾರೆ, ಮಧ್ಯಾಹ್ನ ಅಡ್ಡಿಯಿಲ್ಲ. ಪೂಜೆಯ ಗುಡಿಯನ್ನು ಬೆಳಗಿನ ಹೊತ್ತಿಗೆ, ಸ್ಮಾರಕವನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡರೆ ದಿನ ಸರಿಯಾಗಿ ಕೂರುತ್ತದೆ. ತಿರುಗಾ ಮುರುಗಾ ಮಾಡಿದವರು ಬೀಗ ನೋಡಿಕೊಂಡು ಬರುತ್ತಾರೆ.

6ಕ್ಕೆ ಹೊರಟರೆ ನೆಲಮಂಗಲ, ಕುಣಿಗಲ್ ದಾಟಿ 7:45ರ ಸುಮಾರಿಗೆ ಯಡಿಯೂರು. ತಿಂಡಿ, ಶೌಚಾಲಯ ಎರಡನ್ನೂ ಈ ಹೆದ್ದಾರಿಯ ಹೋಟೆಲಿನಲ್ಲೇ ಮುಗಿಸಿಕೊಳ್ಳಿ. ಬೆಳ್ಳೂರು ಕ್ರಾಸ್ ಆದಮೇಲೆ ದೊಡ್ಡವರಿಗೆ ಅನುಕೂಲವಾದ ಶೌಚಾಲಯ ಅಂದರೆ ನಾಗಮಂಗಲವೇ. ಯಡಿಯೂರಿನ ಸಿದ್ಧಲಿಂಗೇಶ್ವರನ ದರ್ಶನ ಬೇಕಾದರೆ ಇನ್ನು ಅರ್ಧ ಗಂಟೆ ಸೇರಿಸಿ.

ಬೆಳ್ಳೂರು ಕ್ರಾಸ್ ದಾಟಿ ಹಾಸನದ ಕಡೆ ಸ್ವಲ್ಪ ಮುಂದೆ ಹೋಗಿ ಎಡಕ್ಕೆ ತಿರುಗಿದರೆ ಕಂಬದಹಳ್ಳಿ. ಮ್ಯಾಪಿನಲ್ಲಿ ‘ಪಂಚಕೂಟ ಬಸದಿ’ ಅಂತ ಹಾಕಿ, ಬರೀ ಊರಿನ ಹೆಸರು ಹಾಕಿದರೆ ಬೇರೆ ಹಳ್ಳಿಗೆ ಕರೆದೊಯ್ಯುವುದುಂಟು. ಇದು ಗಂಗರ ಕಾಲದ್ದು, 9–10ನೇ ಶತಮಾನ. ಎದುರಿಗೆ ಎತ್ತರದ ಮಾನಸ್ತಂಭ, ತುದಿಯಲ್ಲಿ ಬ್ರಹ್ಮಯಕ್ಷ. ಒಳಗೆ ಹೋಗುವ ಮೊದಲು ಅಂಗಳದಲ್ಲಿ ನಿಂತು ಶಿಖರಗಳನ್ನು ನೋಡಿ. ಒಂದು ಚೌಕ, ಒಂದು ದುಂಡು, ಒಂದು ಎಂಟು ಮೂಲೆಯದು. ಶಿಲ್ಪಶಾಸ್ತ್ರ ಹೇಳುವ ಮೂರು ಬಗೆಯೂ ಒಂದೇ ಅಂಗಳದಲ್ಲಿ, ಕತ್ತು ಹೊರಳಿಸುವಷ್ಟು ದೂರದಲ್ಲಿ ನೋಡಸಿಗುವುದು ಅಪರೂಪ. ಪಕ್ಕದಲ್ಲಿ ಹೊಯ್ಸಳರ ಕಾಲದ ಶಾಂತಿನಾಥ ಬಸದಿ. ಬಾಗಿಲು ಹಾಕಿದ್ದರೆ ಗಾಬರಿ ಬೇಡ. ಇಂಥ ಸಣ್ಣ ಊರುಗಳಲ್ಲಿ ಬೀಗದ ಕೈ ಅರ್ಚಕರ ಮನೆಯಲ್ಲೋ ಕಾವಲುಗಾರರ ಹತ್ತಿರವೋ ಇರುತ್ತದೆ. ಎದುರು ಮನೆಯಲ್ಲಿ ವಿನಯವಾಗಿ ಕೇಳಿದರೆ ಕರೆಸುತ್ತಾರೆ. ಹಾರ್ನ್ ಹೊಡೆದು ಕರೆಯಬೇಡಿ. ಒಂದು ಗಂಟೆ ಇಲ್ಲಿಗೆ ಮೀಸಲಿಡಿ.

ಅಲ್ಲಿಂದ ನಾಗಮಂಗಲ ಸುಮಾರು ಅರ್ಧ ಗಂಟೆ. 11ರೊಳಗೆ ಸೌಮ್ಯಕೇಶವನ ಗುಡಿ ಮುಟ್ಟಬೇಕು. ಹೊಯ್ಸಳರ ಗರ್ಭಗುಡಿಗಳು, ಮುಂದಿನ ಮಹಾದ್ವಾರ ವಿಜಯನಗರದ ಕಾಲದ ಸೇರ್ಪಡೆ. ಒಂದೇ ಗುಡಿ ಹೇಗೆ ಶತಮಾನಗಟ್ಟಲೆ ಬೆಳೆಯುತ್ತದೆ ಅನ್ನುವುದು ಇಲ್ಲಿ ಕಣ್ಣಿಗೇ ಕಾಣುತ್ತದೆ. ಊಟ ನಾಗಮಂಗಲದಲ್ಲೇ ಮುಗಿಸಿ, ಮುಂದೆ ಬಸರಾಳು ಸಣ್ಣ ಊರು.

ಬಸರಾಳಿನ ಮಲ್ಲಿಕಾರ್ಜುನ ಗುಡಿ ಈ ದಿನದ ಜೀವಾಳ. 1234ರಲ್ಲಿ, ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ಕಾಲದಲ್ಲಿ ಹರಿಹರ ದಣ್ಣಾಯಕ ಕಟ್ಟಿಸಿದ್ದು. ಬೇಲೂರು, ಹಳೇಬೀಡು, ಸೋಮನಾಥಪುರಕ್ಕೆ 2023ರಲ್ಲಿ ವಿಶ್ವಪರಂಪರೆಯ ಪಟ್ಟ ಸಿಕ್ಕ ಮೇಲೆ ಅಲ್ಲಿ ಜನ ಇನ್ನೂ ಜಾಸ್ತಿ. ಇಲ್ಲಿ ಅದೇ ಕೈಚಳಕವನ್ನು ನಿಂತಷ್ಟು ಹೊತ್ತು ನೋಡಬಹುದು. ಬೆಳಗ್ಗೆ ಕಂಬದಹಳ್ಳಿಯಲ್ಲಿ ನೋಡಿದ್ದು ಗ್ರಾನೈಟ್, ಇಲ್ಲಿಯದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದು ವರ್ಷಗಳು ಕಳೆದ ಹಾಗೆ ಗಟ್ಟಿ. ಹಾಗಾಗಿ ಉಳಿ ಆಡಿದಷ್ಟೂ ಸೂಕ್ಷ್ಮ ಕೆಲಸ ಸಾಧ್ಯವಾಯಿತು. ಗಂಗರ ಶಿಲ್ಪಿ ಯಾಕೆ ದೊಡ್ಡ ದೊಡ್ಡ ನಯವಾದ ಮೈ ಕೊಟ್ಟ, ಹೊಯ್ಸಳ ಶಿಲ್ಪಿ ಯಾಕೆ ಸರದ ಮಣಿ ಮಣಿಯನ್ನೂ ಕೆತ್ತಿದ ಅನ್ನುವುದಕ್ಕೆ ಅರ್ಧ ಉತ್ತರ ಕಲ್ಲಿನಲ್ಲೇ ಇದೆ. ಎರಡನ್ನೂ ಒಂದೇ ದಿನ ನೋಡಿದಾಗ ಮಾತ್ರ ಇದು ಮನಸ್ಸಿಗೆ ಹತ್ತುವುದು, ಅದಕ್ಕೇ ಈ ಸುತ್ತನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹೊರಗೋಡೆಯ ಕೆಳಪಟ್ಟಿಗಳಲ್ಲಿ ಆನೆ, ಕುದುರೆ ಸವಾರರು, ಬಳ್ಳಿ, ಪುರಾಣದ ಕಥೆಗಳು, ಮಕರ, ಹಂಸ. ಕಥೆಯ ಪಟ್ಟಿಯನ್ನು ಪ್ರದಕ್ಷಿಣೆಯ ದಿಕ್ಕಿನಲ್ಲೇ ನಡೆಯುತ್ತಾ ಓದಬೇಕು, ಎದುರು ದಿಕ್ಕಿನಲ್ಲಿ ಹೋದರೆ ಕಥೆ ಹಿಂದು ಮುಂದಾಗುತ್ತದೆ. ಮೇಲೆ ಅಂಧಕಾಸುರನ ತಲೆಯ ಮೇಲೆ ಕುಣಿಯುವ ಹದಿನಾರು ತೋಳಿನ ಶಿವನನ್ನು ಹುಡುಕಿ. ನಡುಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿಂದ ಬೀಳುವುದರಿಂದ ಸೂರಿನ ನೆರಳು ಗೋಡೆಯ ಮೇಲರ್ಧವನ್ನೆಲ್ಲ ಮುಚ್ಚುತ್ತದೆ. 2:30ರ ಮೇಲೆ ಬಿಸಿಲು ಓರೆಯಾಗಿ ಬಿದ್ದಾಗ ಪಡುವಣ ಗೋಡೆಯ ಕೆತ್ತನೆ ಎದ್ದು ಕಾಣುತ್ತದೆ.

ಒಂದು ಸಣ್ಣ ವಿಷಯ, ಆದರೆ ಹಿರಿಯರಿಗೆ ದೊಡ್ಡದು: ಎಲ್ಲರಿಗೂ ಒಂದೊಂದು ಜೊತೆ ದಪ್ಪ ಹತ್ತಿ ಕಾಲುಚೀಲ ಇಟ್ಟುಕೊಳ್ಳಿ. ಚಪ್ಪಲಿ ಬಿಟ್ಟು ಕಾದ ಕಲ್ಲುಹಾಸಿನ ಮೇಲೆ ಸುತ್ತುವಾಗ ಅಂಗಾಲು ಸುಡುತ್ತದೆ, ಆಗ ಅರ್ಧ ಗುಡಿ ನೋಡಿ ನೆರಳಿಗೆ ಓಡಬೇಕಾಗುತ್ತದೆ. ಒಳಗಿನ ಭುವನೇಶ್ವರಿಗಳನ್ನು, ಅಂದರೆ ಚಾವಣಿಯ ಕೆತ್ತನೆಯನ್ನು, ನೋಡೋಕೆ ಒಂದು ಟಾರ್ಚ್. ಮೊಬೈಲಿನ ಬೆಳಕು ಅಷ್ಟೆತ್ತರಕ್ಕೆ ಸಾಲದು.

4ಕ್ಕೆ ಬಸರಾಳು ಬಿಟ್ಟರೆ ಮುಕ್ಕಾಲು ಗಂಟೆಯೊಳಗೆ ಮಂಡ್ಯ, ಆಮೇಲೆ ಎಕ್ಸ್‌ಪ್ರೆಸ್‌ವೇ.

ಉತ್ತರ: ಮೂಡಲಸೀಮೆ

ಕಲ್ಲುಕಂಬ ಅವರು ಹೇಳಿದ್ದು ಪಡುವಣ ದಿಕ್ಕು. ಅಪ್ಪ ಅಮ್ಮನಿಗೆ ಅಷ್ಟು ದೂರ ಕೂರೋದು ಕಷ್ಟ ಅನ್ನಿಸಿದರೆ ಮೂಡಲ ಕಡೆ ಬನ್ನಿ: ಕುರುಡುಮಲೆ, ಆವನಿ, ಕೋಲಾರ. ಹೋಗಿ ಬರೋದು ಸೇರಿ 220–240 ಕಿ.ಮೀ. ಬನಶಂಕರಿಯಿಂದ ಹೊಸಕೋಟೆ ದಾಟೋದೇ ಒಂದು ಕೆಲಸ, ಅದಕ್ಕೇ 6 ಅಂದ್ರೆ 6ಕ್ಕೇ ಹೊರಡಬೇಕು. ಕೆ.ಆರ್. ಪುರ 7ರೊಳಗೆ ದಾಟಿದರೆ ಮುಂದೆ ಕೋಲಾರದವರೆಗೆ ರಸ್ತೆ ಸಲೀಸು.

ಬಾಗಿಲಿನ ಲೆಕ್ಕ ಇಲ್ಲೂ ಅದೇ. ಮೊದಲು ಮುಳಬಾಗಿಲು ದಾಟಿ ಕುರುಡುಮಲೆಗೆ ಹೋಗಿ, ಪೇಟೆಯಿಂದ ಸುಮಾರು 10 ಕಿ.ಮೀ. ಹದಿಮೂರು ಅಡಿ ದಾಟುವ ಏಕಶಿಲೆಯ ಗಣಪತಿ. ಹತ್ತಿರದಲ್ಲೇ ಸೋಮೇಶ್ವರ ದೇವಸ್ಥಾನ, ಬಂದವರಲ್ಲಿ ಅರ್ಧ ಜನ ಗಣಪತಿ ನೋಡಿ ಹಾಗೇ ತಿರುಗಿಬಿಡ್ತಾರೆ. ನೀವು ಹಾಗೆ ಮಾಡಬೇಡಿ, ಶಿಲ್ಪ ಇಷ್ಟಪಡೋರಿಗೆ ಸೋಮೇಶ್ವರವೇ ಮುಖ್ಯ. ಸಂಕಷ್ಟಿ ದಿನ ಮಾತ್ರ ಬೇಡ, ಅವತ್ತು ಸಾಲು ಬಹಳ ಉದ್ದ. ದೋಸೆ ಮುಳಬಾಗಿಲಲ್ಲೇ ತಿನ್ನಿ.

ಆವನಿಯನ್ನ 11ರಿಂದ 2ರ ನಡುವೆ ಇಟ್ಕೊಳ್ಳಿ. ಕೆಳಗಿನ ರಾಮಲಿಂಗೇಶ್ವರ ಗುಡಿಗಳ ಸಮೂಹ ಸಂರಕ್ಷಿತ ಸ್ಮಾರಕ. ಮುಳಬಾಗಿಲಿನಿಂದ 12–13 ಕಿ.ಮೀ. ನೊಳಂಬರ ಕಾಲದ್ದು, 10ನೇ ಶತಮಾನದ ಸುಮಾರು. ರಾಮೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಅಂತ ನಾಲ್ವರು ಅಣ್ಣತಮ್ಮಂದಿರ ಹೆಸರಲ್ಲೂ ಗುಡಿಗಳಿವೆ, ಎಲ್ಲವೂ ಒಂದೇ ಪ್ರಾಕಾರದೊಳಗೆ. ಹೊತ್ತು ಕಡಿಮೆ ಇದ್ದರೆ ಲಕ್ಷ್ಮಣೇಶ್ವರದ ಹೊರಗೋಡೆ, ಒಳಗಿನ ಚಾವಣಿ ಎರಡನ್ನು ಬಿಡಬೇಡಿ. ಹೊಯ್ಸಳರಿಗಿಂತ ಮುಂಚಿನ ಕೆಲಸ ಇದು. ಬಸರಾಳು ನೋಡಿದ ಕಣ್ಣಿಗೆ ಸರಳ ಅನ್ನಿಸಬಹುದು, ಆದರೆ ಆಕೃತಿಗಳ ನಿಲುವಿನಲ್ಲಿ ಇರುವ ಗಾಂಭೀರ್ಯವೇ ಬೇರೆ. ನೊಳಂಬರ ಗುಡಿಗಳಿಗೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮೇಲಿನ ಬೆಟ್ಟದಲ್ಲಿ ಸೀತೆಯ ಗುಡಿ. ವಾಲ್ಮೀಕಿ ಆಶ್ರಮ ಇಲ್ಲೇ ಇತ್ತು, ಲವಕುಶರು ಹುಟ್ಟಿದ್ದು ಇಲ್ಲೇ ಅನ್ನೋದು ಊರಿನ ನಂಬಿಕೆ. ಹಿರಿಯರು ಕೆಳಗಿನ ಪ್ರಾಕಾರದ ನೆರಳಲ್ಲಿ ಕೂತಿರಬಹುದು, ಹತ್ತುವವರಿಗೆ ಹೋಗಿ ಬರೋಕೆ ಎರಡು ಗಂಟೆ ಬೇಕು. ಆದರೆ ನಡುಮಧ್ಯಾಹ್ನ ಹತ್ತೋದು ಬೇಡ, ಬಂಡೆ ಕಾದಿರುತ್ತೆ. ಬೆಟ್ಟ ಬೇಕೇ ಬೇಕು ಅನ್ನೋರು ಕುರುಡುಮಲೆ ಕೈಬಿಟ್ಟು ಸೀದಾ ಆವನಿಗೆ 8:30ಕ್ಕೆ ಬರಬೇಕು. ಶಿವರಾತ್ರಿ ಹೊತ್ತಿಗೆ ಇಲ್ಲಿ ಜಾತ್ರೆ, ಆ ವಾರ ದೇವಸ್ಥಾನ ನೋಡೋಕೆ ಆಗಲ್ಲ, ಜಾತ್ರೆ ನೋಡೋಕೆ ಬನ್ನಿ.

ಊಟ ಆವನಿಯಲ್ಲಿ ನೆಚ್ಚಿಕೊಳ್ಳಬೇಡಿ. ಬುತ್ತಿ ಕಟ್ಕೊಂಡು ಬನ್ನಿ, ಇಲ್ಲಾಂದ್ರೆ ಹೆದ್ದಾರಿಗೆ ವಾಪಸ್ ಬಂದು ಕೋಲಾರದ ಕಡೆ ತಿನ್ನಿ. ಕೋತಿಗಳಿವೆ, ಬುತ್ತಿ ಪ್ಲಾಸ್ಟಿಕ್ ಕವರಲ್ಲಿ ಬೇಡ, ಮುಚ್ಚಳದ ಡಬ್ಬಿಯಲ್ಲಿ ಇಟ್ಟು ಬ್ಯಾಗಿನೊಳಗೆ ಹಾಕಿ.

ವಾಪಸ್ ಬರ್ತಾ 4:30ರ ಮೇಲೆ ಕೋಲಾರ ಪೇಟೆ. ಸೋಮೇಶ್ವರ ದೇವಸ್ಥಾನದ ಕಲ್ಯಾಣಮಂಟಪ ವಿಜಯನಗರ ಶೈಲಿಯದು, ಅಲ್ಲಿಂದ ಸ್ವಲ್ಪ ದೂರದಲ್ಲಿ ಚೋಳರ ಕಾಲದ ಶಾಸನಗಳಿರುವ ಕೋಲಾರಮ್ಮನ ಗುಡಿ. ಎರಡಕ್ಕೂ ಸೇರಿ ಒಂದೂಕಾಲು ಗಂಟೆ ಸಾಕು. ಅಂತರಗಂಗೆಯನ್ನೂ ಅದೇ ದಿನಕ್ಕೆ ತುರುಕಬೇಡಿ. ಅಲ್ಲಿ ಬಸವನ ಬಾಯಿಂದ ನೀರು ಬೀಳೋ ಜಾಗಕ್ಕೆ ಹೋಗೋಕೂ ಮೆಟ್ಟಿಲಿದೆ, ಅಪ್ಪನಿಗೆ ಆಗಲ್ಲ.

ಬುತ್ತಿಗಂಟು

ಇಬ್ಬರಿಗೂ ಅನಂತ ಧನ್ಯವಾದ. ಇಷ್ಟು ವಿವರ ಸಿಗುತ್ತೆ ಅಂದ್ಕೊಂಡಿರಲಿಲ್ಲ. ಕಲ್ಲುಕಂಬ ಸರ್, ಒಂದು ಸಂದೇಹ: ದಾರಿಯಲ್ಲಿ ತಡವಾಗಿ ನಾಗಮಂಗಲದ ಬಾಗಿಲು ತಪ್ಪಿತು ಅಂದ್ಕೊಳ್ಳಿ, ಆಗ ಏನು ಮಾಡೋದು? ಬೆಟ್ಟ ಮತ್ತು ರೈಲಿನ ಬಗ್ಗೆ ತಿಳಿದವರು ಯಾರಾದರೂ ಬರೆಯಿರಿ.

ಕಲ್ಲುಕಂಬ

ಬೆಳ್ಳೂರು ಕ್ರಾಸಿನಲ್ಲೇ 10 ಆಗಿಹೋಗಿದ್ದರೆ ಕಂಬದಹಳ್ಳಿ ಬಿಟ್ಟು ಮೊದಲು ನಾಗಮಂಗಲಕ್ಕೆ ನಡೆಯಿರಿ, ಅಲ್ಲಿ ಮುಗಿಸಿ ಕಂಬದಹಳ್ಳಿಗೆ ಹಿಂದಿರುಗಿ. ಹೆಚ್ಚುವರಿ 30 ಕಿ.ಮೀ. ಆಗುತ್ತದೆ, ಬಸರಾಳು 4ಕ್ಕೆ ಹೋಗುತ್ತದೆ. ಪೂರ್ತಿ ತಪ್ಪಿದರೆ ಸೌಮ್ಯಕೇಶವನನ್ನು ಹೊರಗಿನಿಂದಲೇ ನೋಡಿ ಬಸರಾಳಿಗೆ ಹೊತ್ತು ಉಳಿಸಿಕೊಳ್ಳಿ. ಬಾಗಿಲು ತೆಗೆಯಲಿ ಅಂತ ಸಂಜೆವರೆಗೆ ಕಾಯಬೇಡಿ, ಕಾದರೆ ಬಸರಾಳಿನಲ್ಲಿ ಬೆಳಕು ಹೋಗಿರುತ್ತದೆ.

ಉತ್ತರ: ಬಂಡೆಗಾಲು

ಬೆಟ್ಟದ ವಿಷಯ ನಾನು ಹೇಳ್ತೀನಿ. ಸಲೀಸಾದದ್ದು ಗುಡಿಬಂಡೆ, ಕಷ್ಟದ್ದು ಮಧುಗಿರಿ.

ಗುಡಿಬಂಡೆ ಚಿಕ್ಕಬಳ್ಳಾಪುರ ಜಿಲ್ಲೆ, ಹೈದರಾಬಾದ್ ಹೆದ್ದಾರಿಯಲ್ಲಿ ಪೇರೇಸಂದ್ರದ ಹತ್ತಿರ ಎಡಕ್ಕೆ. ಬೆಂಗಳೂರಿನಿಂದ ಸುಮಾರು 95 ಕಿ.ಮೀ. ಪಾಳೇಗಾರ ಭೈರೇಗೌಡನ ಕೋಟೆ, ಸುತ್ತಿನ ಮೇಲೆ ಸುತ್ತು, ನಡುನಡುವೆ ಮಳೆನೀರು ಹಿಡಿಯೋ ದೊಣೆಗಳು. ಮೆಟ್ಟಿಲಿದೆ, ನಿಧಾನಕ್ಕೆ ಹತ್ತಿದರೂ ಮುಕ್ಕಾಲು ಗಂಟೆ ಸಾಕು. ಮೇಲೆ ಶಿವನ ಗುಡಿ. ಅಲ್ಲಿಂದ ಅಮಾನಿ ಭೈರಸಾಗರ ಕೆರೆ ಕಾಣುತ್ತೆ, ತುಂಬಿದಾಗ ಅದರ ಅಂಚು ಭಾರತದ ನಕ್ಷೆಯ ಹಾಗೆ ಕಾಣೋದರಿಂದ ಹೆಸರಾಗಿದೆ. ನೀರು ಇಳಿದ ಬೇಸಿಗೆಯಲ್ಲಿ ಆ ಆಕಾರ ಸಿಗಲ್ಲ, ಅದಕ್ಕೆ ಒಳ್ಳೇ ಮಳೆಯಾದ ವರ್ಷದ ಅಕ್ಟೋಬರಿನಿಂದ ಜನವರಿವರೆಗೆ ಹೋಗಬೇಕು. ಒಬ್ಬರಿಗೆ ಒಂದೂವರೆ ಲೀಟರ್ ನೀರು. ದೊಣೆಯ ನೀರು ಕುಡಿಯೋಕಲ್ಲ, ಇಳಿಯೋಕೂ ಅಲ್ಲ. ಅಂಚು ಪಾಚಿಗಟ್ಟಿರುತ್ತೆ, ಬಿದ್ದರೆ ಹಿಡಿದು ಮೇಲೆ ಬರೋಕೆ ಏನೂ ಇರಲ್ಲ.

ಮಧುಗಿರಿ ಬೇರೆಯದೇ ಮಾತು. ಒಂದೇ ಬಂಡೆಯ ಬೆಟ್ಟ, ಸಮುದ್ರಮಟ್ಟದಿಂದ 1,193 ಮೀಟರ್, ಊರಿನಿಂದ ಲೆಕ್ಕ ಹಾಕಿದರೆ ಸುಮಾರು 400 ಮೀಟರ್ ಏರು. ತುಮಕೂರು ರಸ್ತೆಯಲ್ಲಿ ದಾಬಸ್‌ಪೇಟೆಗೆ ಬಂದು ಬಲಕ್ಕೆ ತಿರುಗಿ ಕೊರಟಗೆರೆ ಮೇಲೆ ಹೋದರೆ 105 ಕಿ.ಮೀ. ಆಸುಪಾಸು. ಕೆಳಗಿನ ಬಾಗಿಲುಗಳವರೆಗೆ ಮೆಟ್ಟಿಲು, ಆಮೇಲೆ ಬರೀ ಬಂಡೆ, ಕಾಲಿಡೋಕೆ ಕೊರೆದ ಗುಳಿಗಳು, ಕೆಲವು ಕಡೆ ಕಬ್ಬಿಣದ ಕಂಬಿ. ಹತ್ತೋಕೆ ಎರಡು ಗಂಟೆ, ಇಳಿಯೋಕೆ ಒಂದೂವರೆ. ಮೇಲೆ ಹಾಳುಬಿದ್ದ ಗೋಪಾಲಕೃಷ್ಣ ಗುಡಿ, ಕೋಟೆಯ ಕಣಜಗಳು.

ಇಲ್ಲಿ ಎಡವಟ್ಟು ಆಗೋದು ಹೆಚ್ಚಾಗಿ ಇಳಿಯುವಾಗ. ಹತ್ತುವಾಗ ದೇಹದ ಭಾರ ಬಂಡೆಯ ಕಡೆ ಇರುತ್ತೆ, ಮುಖವೂ ಬಂಡೆಯ ಕಡೆಗೇ ಇರೋದರಿಂದ ಎಷ್ಟು ಎತ್ತರ ಬಂದ್ವಿ ಅನ್ನೋದು ಗೊತ್ತಾಗಲ್ಲ. ಇಳಿಯುವಾಗ ತೊಡೆ ದಣಿದಿರುತ್ತೆ, ಎದುರಿಗೆ ಪ್ರಪಾತ ಕಾಣುತ್ತೆ. ಹೆದರಿ ಹಿಂದಕ್ಕೆ ವಾಲಿದ ತಕ್ಷಣ ಹಿಮ್ಮಡಿ ಜಾರುತ್ತೆ. ಮೊಣಕಾಲು ಸ್ವಲ್ಪ ಮಡಚಿ, ಪಾದ ಪೂರ್ತಿ ಬಂಡೆಗೆ ಊರಿ, ಓರೆ ಓರೆಯಾಗಿ ಸಣ್ಣ ಹೆಜ್ಜೆ ಇಡಿ. ಕಡಿದಾದ ಕಡೆ ಬಂಡೆಗೆ ಮುಖ ಮಾಡಿ ಏಣಿ ಇಳಿಯೋ ಹಾಗೆ ಇಳಿಯಿರಿ, ಅದರಲ್ಲಿ ನಾಚಿಕೆ ಏನಿಲ್ಲ. ಅಡಿ ಸವೆದ ಓಟದ ಶೂ ಬೇಡವೇ ಬೇಡ.

ಬಂಡೆಯ ಮೇಲೆ ನೀರು ಹರಿದ ಕಪ್ಪು ಪಟ್ಟೆಗಳಿರುತ್ತವಲ್ಲ, ಅದು ಬರೀ ಬಣ್ಣ ಅಲ್ಲ, ಪಾಚಿಯಂಥ ಜೀವಿಗಳ ಪದರ. ಒಣಗಿದಾಗ ಏನೂ ಮಾಡಲ್ಲ, ಒದ್ದೆಯಾದರೆ ಮಾತ್ರ ಕಾಲೇ ನಿಲ್ಲಲ್ಲ. ಮಳೆ ಹನಿದರೆ ಅಲ್ಲೇ ತಿರುಗಿ. ಆಗಲೇ ಮೇಲೆ ಸಿಕ್ಕಿಹಾಕ್ಕೊಂಡಿದ್ದರೆ ಬಿಳಿಬಂಡೆಯ ಮೇಲೆ ಮಾತ್ರ ಕಾಲಿಡಿ, ಇಲ್ಲಾಂದ್ರೆ ಒಣಗೋವರೆಗೆ ಕೂತಿರಿ. ಗುಡುಗು ಬಂದರೆ ತುದಿಯಲ್ಲಿ ನಿಲ್ಲಬೇಡಿ.

7ಕ್ಕೆ ಹತ್ತೋಕೆ ಶುರು ಮಾಡಬೇಕು, ಅಂದ್ರೆ ಮನೆ ಬಿಡೋದು 4:30ಕ್ಕೆ. 10ರ ಮೇಲೆ ಬಂಡೆ ಕೆಳಗಿನಿಂದಲೂ ಸುಡುತ್ತೆ, ದಾರಿಯುದ್ದಕ್ಕೂ ನೆರಳಿಲ್ಲ. ಒಬ್ಬರಿಗೆ ಮೂರು ಲೀಟರ್ ನೀರು, ಒಂದಿಷ್ಟು ಉಪ್ಪು ಹಾಕಿದ ಮಜ್ಜಿಗೆ ಅಥವಾ ಓಆರ್‌ಎಸ್. ಮಾರ್ಚ್‌ನಿಂದ ಮೇವರೆಗೆ ಬೇಡ. ಬಂಡೆಯ ಗೋಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತೆ: ಸೆಂಟ್ ಹಾಕ್ಕೊಂಡು ಹೋಗಬೇಡಿ, ಬೀಡಿ ಸಿಗರೇಟು ಹಚ್ಚಬೇಡಿ, ಜೇನು ಎದ್ದರೆ ಕೈ ಬೀಸದೆ ಮುಖ ಮುಚ್ಚಿಕೊಂಡು ಆ ಜಾಗದಿಂದ ದೂರ ಸರಿಯಿರಿ.

ಮಧುಗಿರಿಗೆ 9 ವರ್ಷದ ಮಗುವನ್ನ ಕರ್ಕೊಂಡು ಹೋಗಬೇಡಿ. ಗುಡಿಬಂಡೆಗೆ ಧಾರಾಳವಾಗಿ ಕರೆದೊಯ್ಯಿರಿ.

ಉತ್ತರ: ಪ್ಯಾಸೆಂಜರ್ ಗಾಡಿ

ಮಕ್ಕಳ ಜೊತೆ ರೈಲು ಅಂದ್ರೆ ಎರಡು ದಾರಿ ಇದೆ.

ಮೊದಲನೇದು ವಿದುರಾಶ್ವತ್ಥ. ಯಲಹಂಕ, ದೊಡ್ಡಬಳ್ಳಾಪುರ, ಗೌರಿಬಿದನೂರು ಮೇಲೆ ಹಿಂದೂಪುರದ ಕಡೆ ಹೋಗೋ ಗಾಡಿ ಹಿಡಿಯಿರಿ. ದೊಡ್ಡಬಳ್ಳಾಪುರ ಆದಮೇಲೆ ಮಾಕಳಿದುರ್ಗದ ಹತ್ತಿರ ಹಳಿ ಬೆಟ್ಟಗಳ ನಡುವೆ ತಿರುಗಿ ತಿರುಗಿ ಹೋಗುತ್ತೆ, ಮಕ್ಕಳನ್ನ ಕಿಟಕಿ ಪಕ್ಕ ಕೂರಿಸಿ. ಗೌರಿಬಿದನೂರಲ್ಲಿ ಇಳಿದು ಆಟೋ ಅಥವಾ ಬಸ್, 6 ಕಿ.ಮೀ. ಆಸುಪಾಸು. ಉತ್ತರ ಪಿನಾಕಿನಿ ದಡದಲ್ಲಿ ದೇವಸ್ಥಾನ, ಸುತ್ತ ಸಾವಿರಗಟ್ಟಲೆ ನಾಗರಕಲ್ಲು. ಹೆಸರಿಗೆ ಕಾರಣವಾದ ಹಳೇ ಅಶ್ವತ್ಥಮರ 2001ರಲ್ಲಿ ಬಿದ್ದುಹೋಯ್ತು.

ಆದರೆ ಮಕ್ಕಳಿಗೆ ಹೇಳಬೇಕಾದ್ದು ಅದರ ಪಕ್ಕದ ವೀರಸೌಧದ ಕಥೆ. 1938ರ ಏಪ್ರಿಲ್ 25ರಂದು ತ್ರಿವರ್ಣಧ್ವಜ ಹಾರಿಸೋಕೆ ಸೇರಿದ್ದ ಜನರ ಮೇಲೆ ಇಲ್ಲಿ ಪೊಲೀಸರು ಗುಂಡು ಹಾರಿಸಿದರು. ಅದಕ್ಕೆ ಎರಡು ವಾರ ಮುಂಚೆ, ಏಪ್ರಿಲ್ 11ಕ್ಕೆ, ಮದ್ದೂರಿನ ಪಕ್ಕ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ಆಗಿತ್ತು. ಈ ಗೋಲಿಬಾರ್ ಆದಮೇಲೆ ಸರ್ದಾರ್ ಪಟೇಲರು ಮೈಸೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿ ಒಪ್ಪಂದ ಆಯ್ತು, ಸಂಸ್ಥಾನದ ಧ್ವಜದ ಜೊತೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದು ಅಂತ. ನಮ್ಮ ಮಕ್ಕಳಿಗೆ ಜಲಿಯನ್‌ವಾಲಾ ಬಾಗ್ ಗೊತ್ತು, ಬೆಂಗಳೂರಿಂದ ಎರಡು ಗಂಟೆ ದೂರದ ವಿದುರಾಶ್ವತ್ಥ ಗೊತ್ತಿಲ್ಲ. ಅಪ್ಪ ಅಮ್ಮನ ಜೊತೆ ಬಸರಾಳಿಗೆ ಹೋದಾಗ ವಾಪಸ್ ಬರ್ತಾ ಹೊತ್ತಿದ್ದರೆ ಶಿವಪುರದ ಸತ್ಯಾಗ್ರಹ ಸೌಧಕ್ಕೂ ಹೋಗಿ, ಎರಡೂ ಜೋಡಿ ಜಾಗಗಳು. ಮದ್ದೂರು ಈಗ ಎಕ್ಸ್‌ಪ್ರೆಸ್‌ವೇಯಿಂದ ಹೊರಗೆ ಬಿದ್ದಿದೆ, ಹಳೇ ರಸ್ತೆಗೆ ಇಳಿಯಬೇಕು. ಮದ್ದೂರು ವಡೆಗೂ ಅದೇ ದಾರಿ.

ನಾಗರಪಂಚಮಿ, ಆಶ್ಲೇಷಾ ನಕ್ಷತ್ರದ ದಿನ, ಭಾನುವಾರ ಬೆಳಗ್ಗೆ ವಿದುರಾಶ್ವತ್ಥದಲ್ಲಿ ಜನ ಜಾಸ್ತಿ, ಶನಿವಾರ ಹೋಗಿ. ಹೋಗೋ ಗಾಡಿಗಿಂತ ವಾಪಸ್ ಗಾಡಿಯ ಹೊತ್ತನ್ನ ಮೊದಲು ನೋಡ್ಕೊಳ್ಳಿ. ಈ ಮಾರ್ಗದಲ್ಲಿ ಒಂದು ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕಾಗಬಹುದು, ಆಗ ಗೌರಿಬಿದನೂರಿಂದ ಬಸ್ಸೇ ಗತಿ.

ಎರಡನೇದು ಚನ್ನಪಟ್ಟಣ ಮತ್ತು ಜಾನಪದ ಲೋಕ. ಮೈಸೂರು ಕಡೆ ಮೆಮು ಗಾಡಿಗಳು ಬೇಕಾದಷ್ಟಿವೆ, ಒಂದು ಗಂಟೆ ಚಿಲ್ಲರೆ. ನಿಮಗೆ ಮೆಜೆಸ್ಟಿಕ್ಕಿಗಿಂತ ಕೆಂಗೇರಿಯಲ್ಲಿ ಹತ್ತೋದು ಹತ್ತಿರ. ಮೊದಲು ಚನ್ನಪಟ್ಟಣದಲ್ಲಿ ಇಳಿದು ಗೊಂಬೆ ಮಾಡೋ ಮನೆಗಳಿಗೆ ಹೋಗಿ. ಆಲೆಮರದ ತುಂಡನ್ನ ತಿಂಗಳುಗಟ್ಟಲೆ ಒಣಗಿಸಿ, ಲೇತಿಗೆ ಕೊಟ್ಟು ಉಳಿಯಲ್ಲಿ ತಿರುವುತ್ತಾರೆ. ತಿರುಗೋ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತೆ, ಆಮೇಲೆ ಎಲೆಯ ಗರಿಯಿಂದ ಒತ್ತಿ ಹೊಳಪು ಕೊಡ್ತಾರೆ. ಇಲ್ಲಿ ಕುಂಚಕ್ಕೆ ಕೆಲಸವೇ ಇಲ್ಲ. ಹಾಗಾಗಿ ಕೊಳ್ಳುವಾಗ ಇದನ್ನೇ ನೋಡಿ: ಅರಗಿನ ಬಣ್ಣ ಸುತ್ತು ಸುತ್ತಾಗಿ ಒಂದೇ ಸಮ ಇರುತ್ತೆ, ಉಗುರಲ್ಲಿ ಕೆರೆದರೆ ಸಿಪ್ಪೆಯಾಗಿ ಏಳಲ್ಲ. ಪೇಂಟ್ ಬಳಿದದ್ದು ಮೂಲೆಗಳಲ್ಲಿ ದಪ್ಪಗೆ ನಿಂತಿರುತ್ತೆ, ವಾಸನೆಯೂ ಇರುತ್ತೆ. ಕೆಲಸ ನಡೆಯೋದನ್ನ ನೋಡಬೇಕಾದರೆ ಭಾನುವಾರ ಬೇಡ. ಲೇತ್ ಓಡುವಾಗ ಮಕ್ಕಳನ್ನ ಎರಡು ಅಡಿ ಹಿಂದೆ ನಿಲ್ಲಿಸಿ, ಉದ್ದ ಕೂದಲು ಕಟ್ಟಿರಲಿ, ದುಪಟ್ಟಾ ಇಳಿಬಿಡಬಾರದು.

ಮಧ್ಯಾಹ್ನ ರಾಮನಗರದ ಕಡೆ ಹಳೇ ರಸ್ತೆಯ ಬಸ್ ಹತ್ತಿದರೆ ಜಾನಪದ ಲೋಕದ ಎದುರೇ ಇಳಿಯಬಹುದು. ಎಚ್.ಎಲ್. ನಾಗೇಗೌಡರು ಕಟ್ಟಿ ಬೆಳೆಸಿದ ಸಂಗ್ರಹಾಲಯ. ಬೇಸಾಯದ ಸಾಮಾನು, ತೊಗಲುಗೊಂಬೆ, ಸೋಮನ ಮುಖವಾಡ, ವಾದ್ಯಗಳು ಇವಕ್ಕೆಲ್ಲ ಎರಡು ಗಂಟೆ ಬೇಕು. ಮಂಗಳವಾರ ರಜೆ. ಎಕ್ಸ್‌ಪ್ರೆಸ್‌ವೇ ಮೇಲೆ ಹೋಗೋ ತಡೆರಹಿತ ಬಸ್ ಹತ್ತಿದರೆ ಇಲ್ಲಿ ನಿಲ್ಲಿಸಲ್ಲ, ಹತ್ತೋ ಮುಂಚೆ ಕಂಡಕ್ಟರನ್ನ ಕೇಳಿ.

ಉತ್ತರ: ಹೆದ್ದಾರಿ ಹುಳು

ಮೇಲಿನವರು ಬಿಟ್ಟದ್ದು ನಾಲ್ಕು ಮಾತು.

ಬೈಕಲ್ಲಿ ಹೋಗೋ ಗೆಳೆಯರಿದ್ದರೆ, 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯರಸ್ತೆಯಲ್ಲಿ ದ್ವಿಚಕ್ರ, ಆಟೋ, ಟ್ರ್ಯಾಕ್ಟರ್ ನಿಷೇಧ. ಸರ್ವಿಸ್ ರಸ್ತೆಯಲ್ಲೇ ಬರಬೇಕು, ಮಂಡ್ಯದಿಂದ ಮುಕ್ಕಾಲು ಗಂಟೆ ಹೆಚ್ಚು ಇಟ್ಕೊಳ್ಳಿ. ಕಾರಿನವರು ವೇಗ 100 ದಾಟಿಸಬೇಡಿ, ಕ್ಯಾಮೆರಾ ಇದೆ. ಭಾನುವಾರ ಸಂಜೆ 6ರಿಂದ 9 ಬಿಡದಿಯಿಂದ ಕೆಂಗೇರಿವರೆಗೆ ಗಾಡಿಗಳು ತೆವಳುತ್ತವೆ. ಬಸರಾಳನ್ನು 4ಕ್ಕೆ ಬಿಡಿ ಅಂದಿದ್ದಕ್ಕೆ ಇದೂ ಒಂದು ಕಾರಣ. ಕೋಲಾರದ ಕಡೆ ಹೋದವರಿಗೆ ಇದೇ ತೊಂದರೆ ಹೊಸಕೋಟೆಯಿಂದ ಕೆ.ಆರ್. ಪುರದವರೆಗೆ.

ಶಕ್ತಿ ಯೋಜನೆಯಲ್ಲಿ ಮನೆಯ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಲ್ಲಿ ಟಿಕೆಟ್ ಇಲ್ಲ, ಕರ್ನಾಟಕದ ವಿಳಾಸ ಇರೋ ಗುರುತಿನ ಚೀಟಿ ಬೇಕು. ಆದರೆ ಮುಳಬಾಗಿಲು ಮೇಲೆ ತಿರುಪತಿ, ಚಿತ್ತೂರಿಗೆ ಹೋಗೋ ಅಂತರರಾಜ್ಯ ಬಸ್ಸಲ್ಲಿ ನಡೆಯಲ್ಲ. ಕೋಲಾರ ಅಥವಾ ಮುಳಬಾಗಿಲಿಗೇ ಕೊನೆಯಾಗೋ ಬಸ್ ಹತ್ತಿ.

ಅರಣ್ಯ ಇಲಾಖೆಯ ಕೈಯಲ್ಲಿರೋ ಸ್ಕಂದಗಿರಿ, ಮಾಕಳಿದುರ್ಗ, ಸಾವನದುರ್ಗದಂಥ ಚಾರಣಗಳಿಗೆ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಚಿತವಾಗಿ ಟಿಕೆಟ್ ತೆಗೀಬೇಕು. ಬೆಟ್ಟದ ಬುಡಕ್ಕೆ ಹೋಗಿ ಕೇಳಿದರೆ ಬಿಡಲ್ಲ.

ಕೆಜಿಎಫ್, ಅಂದ್ರೆ ಕೋಲಾರ ಚಿನ್ನದ ಗಣಿಯ ಊರಿನ ಬಗ್ಗೆ ಯಾರಾದರೂ ಹೇಳೇ ಹೇಳ್ತಾರೆ, ಅದಕ್ಕೆ ಮೊದಲೇ: ಮಾರಿಕುಪ್ಪಂ ರೈಲಲ್ಲಿ ಹೋಗಿ ಊರು ನೋಡಿ ಬರಬಹುದು, ಚೆನ್ನಾಗಿದೆ. ಬರ್ತಾ ಬಂಗಾರಪೇಟೆಯಲ್ಲಿ ಪಾನಿಪುರಿ. ಆದರೆ 2001ರಲ್ಲಿ ಮುಚ್ಚಿದ ಗಣಿಯೊಳಗೆ ಪ್ರವೇಶ ಇಲ್ಲ. ಸೈನೈಡ್ ದಿಬ್ಬಗಳ ಮೇಲೆ ಫೋಟೋಗೆ ಹತ್ತಬೇಡಿ. ಚಿನ್ನ ಬೇರ್ಪಡಿಸಿ ಉಳಿದ ಪುಡಿ ಅದು. ಮಳೆಗೆ ಒಳಗೆ ಕೊರಕಲು ಬಿದ್ದಿರುತ್ತೆ, ಮೇಲಿನ ಪದರ ಕುಸಿಯುತ್ತೆ, ಗಾಳಿಗೆ ಎದ್ದ ಧೂಳು ಎದೆಗೆ ಹೋಗುತ್ತೆ. ಮಕ್ಕಳನ್ನಂತೂ ಹತ್ತಿರಕ್ಕೂ ಬಿಡಬೇಡಿ.

ಬುತ್ತಿಗಂಟು

ಎಲ್ಲರಿಗೂ ಕೈಮುಗಿದೆ. ಮೊದಲು ನಾಗಮಂಗಲದ ಸುತ್ತು, ಮುಂದಿನ ತಿಂಗಳು ಮಕ್ಕಳ ಜೊತೆ ಚನ್ನಪಟ್ಟಣ ಅಂತ ನಿರ್ಧಾರ ಮಾಡಿದ್ವಿ. ಇನ್ನೊಂದೇ ಒಂದು ಪ್ರಶ್ನೆ: ಅಪ್ಪನಿಗೆ ಶಾಸನ ಓದೋ ಆಸೆ, ಹಳಗನ್ನಡ ಲಿಪಿ ಅಷ್ಟಿಷ್ಟು ಬರುತ್ತೆ. ಅಲ್ಲಿ ನಿಂತು ಓದೋಕೆ ಏನಾದರೂ ಉಪಾಯ ಇದೆಯಾ?

ಕಲ್ಲುಕಂಬ

ಇದೆ. ಕಲ್ಲಿನ ಮೇಲೆ ಸುಣ್ಣದ ಪುಡಿ, ಸೀಮೆಸುಣ್ಣ, ಎಣ್ಣೆ, ಹಿಟ್ಟು ಏನನ್ನೂ ಸವರಬೇಡಿ, ಕಲ್ಲು ಹಾಳಾಗುತ್ತದೆ, ಸಂರಕ್ಷಿತ ಸ್ಮಾರಕದಲ್ಲಿ ಅದಕ್ಕೆ ಅವಕಾಶವೂ ಇಲ್ಲ. ಟಾರ್ಚನ್ನು ಎದುರಿನಿಂದ ಬಿಡದೆ ಕಲ್ಲಿನ ಮೈಗೆ ತಾಗುವಷ್ಟು ಓರೆಯಾಗಿ, ಎಡಗಡೆಯಿಂದ ಹಿಡಿಯಿರಿ. ಅಕ್ಷರದ ಗುಳಿಯಲ್ಲಿ ನೆರಳು ತುಂಬಿ ಸಾಲುಗಳು ಎದ್ದು ಕಾಣುತ್ತವೆ. ಬಿಸಿಲಿದ್ದರೆ ಒಬ್ಬರು ಕೊಡೆ ಬಿಚ್ಚಿ ಕಲ್ಲಿಗೆ ನೆರಳು ಮಾಡಬೇಕು, ಇನ್ನೊಬ್ಬರು ಟಾರ್ಚ್ ಹಿಡಿಯಬೇಕು. ಎಡದಿಂದ, ಬಲದಿಂದ, ಮೇಲಿನಿಂದ ಹೀಗೆ ಮೂರು ಕಡೆಯ ಬೆಳಕಿನಲ್ಲಿ ಒಂದೊಂದು ಫೋಟೋ ತೆಗೆದುಕೊಳ್ಳಿ, ಒಂದರಲ್ಲಿ ಕಾಣದ ಒತ್ತಕ್ಷರ ಇನ್ನೊಂದರಲ್ಲಿ ಕಾಣುತ್ತದೆ. ಪಾಠ ಹೋಲಿಸಿ ನೋಡಲು ಕರ್ನಾಟಕದ ಶಾಸನಗಳನ್ನು ಅಚ್ಚು ಮಾಡಿದ ಪುಸ್ತಕಮಾಲೆ ‘ಎಪಿಗ್ರಾಫಿಯಾ ಕರ್ನಾಟಿಕ’ದ ಮಂಡ್ಯ ಜಿಲ್ಲೆಯ ಸಂಪುಟಗಳನ್ನು ತೆಗೆಯಿರಿ. ತಾಲ್ಲೂಕು ತಾಲ್ಲೂಕಿನ ಲೆಕ್ಕದಲ್ಲಿ ಶಾಸನಗಳಿಗೆ ಸಂಖ್ಯೆ ಕೊಟ್ಟಿದ್ದಾರೆ. ಕಂಬದಹಳ್ಳಿ, ಬಸರಾಳು ಎರಡರ ಪುಟಗಳನ್ನೂ ಹೊರಡುವ ಹಿಂದಿನ ದಿನವೇ ಅಪ್ಪನಿಗೆ ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕೊಡಿ.